ಉದ್ಯಮ ಸಮಾಲೋಚನೆ: ಸಂಸ್ಥೆಗೆ ಆಪತ್ತು ಬಂದಾಗ ಮೊದಲ ಮಾತು ಯಾರದಿರಬೇಕು?

ಈ ಸಲ ಬಂದ ಪತ್ರಗಳಲ್ಲಿ ಆರನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರು ಬರೆದಿರುವ ಇವೆಲ್ಲವೂ ಸಂಸ್ಥೆಯೊಂದು ಸಂಕಷ್ಟಕ್ಕೆ ಸಿಲುಕಿದಾಗ ಜನರಿಗೆ ಏನನ್ನು, ಯಾವಾಗ, ಯಾರ ಹೆಸರಿನಲ್ಲಿ ಹೇಳಬೇಕು ಎಂಬ ವಿಷಯಕ್ಕೇ ಸೇರಿದವು. ಬರೆದವರ ಕೋರಿಕೆಯಂತೆ ಹೆಸರುಗಳನ್ನೂ ಸಂಸ್ಥೆಗಳ ಗುರುತನ್ನೂ ಬಿಟ್ಟು, ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮ ಕುಟುಂಬದ ರೈಸ್ ಮಿಲ್ ಇದೆ. ನಮ್ಮದೇ ಹೆಸರಿನ 26 ಕಿಲೋ ಚೀಲಗಳಲ್ಲಿ ಸೋನಾ ಮಸೂರಿ ಮಾರುತ್ತೇವೆ. ಅದರ ಜೊತೆಗೆ ಸರ್ಕಾರದ ಪಡಿತರಕ್ಕಾಗಿ ಸಾರವರ್ಧಿತ (ಪೋಷಕಾಂಶ ಸೇರಿಸಿದ) ಅಕ್ಕಿಯನ್ನೂ ಬೆರೆಸಿ ಕೊಡುತ್ತೇವೆ. ರಾಯಚೂರಿನ ಗೃಹಿಣಿಯೊಬ್ಬರು ನಮ್ಮ ಚೀಲದ ಅಕ್ಕಿಯನ್ನು ನೀರಿಗೆ ಹಾಕಿ, ತೇಲಿದ ಕಾಳುಗಳನ್ನು ತೋರಿಸಿ, ಇದು ಪ್ಲಾಸ್ಟಿಕ್ ಅಕ್ಕಿ ಎಂದು ಹೇಳಿದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಡಿದೆ. ಒಳಗೆ ವಿಚಾರಿಸಿದಾಗ, ಪಡಿತರದ ಲಾಟ್ ಮುಗಿದ ಮೇಲೆ ಯಂತ್ರವನ್ನು ಪೂರ್ತಿ ಸ್ವಚ್ಛಗೊಳಿಸದೆ ಸೋನಾ ಮಸೂರಿ ಬಿಟ್ಟಿದ್ದರಿಂದ ಕೆಲವು ಚೀಲಗಳಿಗೆ ಸಾರವರ್ಧಿತ ಕಾಳು ಸೇರಿದ್ದು ತಿಳಿಯಿತು. ನಾಲ್ಕು ದಿನ ಸುಮ್ಮನಿದ್ದರೆ ಜನ ಮರೆಯುತ್ತಾರೆ ಎನ್ನುವುದು ಅಣ್ಣನವರ ಅಭಿಪ್ರಾಯ. ವಕೀಲರು ಆ ಗೃಹಿಣಿಗೆ ಮಾನನಷ್ಟದ ನೋಟಿಸ್ ಕಳಿಸೋಣ ಎನ್ನುತ್ತಾರೆ. ನಮ್ಮ ಜಾಲತಾಣದಲ್ಲಿ ಅಡುಗೆಯ ಬ್ಲಾಗ್ ನಡೆಸುವ ಮಗ ಅಲ್ಲಿಯೇ ಎಲ್ಲವನ್ನೂ ಬರೆದುಬಿಡೋಣ ಎನ್ನುತ್ತಾನೆ. ಏನು ಮಾಡಲಿ? (ಮಿಲ್ ಮಾಲೀಕರು, ಸಿಂಧನೂರು)

ಉತ್ತರ: ನಿಮ್ಮ ಮಗನ ಮಾತನ್ನು ಕೇಳಿ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನೋಟಿಸಿನ ಯೋಚನೆಯನ್ನು ಇಂದೇ ಕೈಬಿಡಿ. ಆ ಗೃಹಿಣಿ ಕಂಡದ್ದು ನಿಜ, ಕಂಡದ್ದಕ್ಕೆ ಅವರು ಕೊಟ್ಟ ಹೆಸರು ಮಾತ್ರ ತಪ್ಪು. ಸಾರವರ್ಧಿತ ಕಾಳನ್ನು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವ ಸೇರಿಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ ತಯಾರಿಸುತ್ತಾರೆ, ಸಾಮಾನ್ಯವಾಗಿ 100 ಕಿಲೋ ಅಕ್ಕಿಗೆ 1 ಕಿಲೋದಂತೆ ಬೆರೆಸುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಅದರ ಬಣ್ಣ ತುಸು ಬೇರೆ, ಕೆಲವು ಕಾಳು ನೀರಿನಲ್ಲಿ ತೇಲುವುದೂ ಉಂಟು. ನ್ಯಾಯಬೆಲೆ ಅಂಗಡಿಯ ಅಕ್ಕಿಯ ಬಗ್ಗೆ ಇದೇ ಪ್ಲಾಸ್ಟಿಕ್ ಗುಮಾನಿ ಊರೂರಿನಲ್ಲಿ ಎದ್ದು ಅಡಗಿದೆ. ತಿಳಿಯದೆ ಹೆದರಿದ ಗ್ರಾಹಕಿಯ ಮೇಲೆ ಮಿಲ್ಲಿನವರು ಕೇಸು ಹಾಕಿದರು ಎಂಬ ಸುದ್ದಿಗೆ ನಿಮ್ಮ ಬಳಿ ಯಾವ ಉತ್ತರವೂ ಇರುವುದಿಲ್ಲ.

ಇಲ್ಲಿ ಒಂದು ಸುಲಭದ ದಾರಿ ಕಾಣುತ್ತದೆ, ಅದರ ಬಗ್ಗೆ ಎಚ್ಚರವಿರಲಿ. ಇದು ಪ್ಲಾಸ್ಟಿಕ್ ಅಲ್ಲ, ಆರೋಗ್ಯಕ್ಕೆ ಒಳ್ಳೆಯ ಪೋಷಕಾಂಶ ಎಂದಷ್ಟೇ ಬರೆದು, ಮೇಲೊಂದು ಪ್ರಯೋಗಾಲಯದ ವರದಿ ಅಂಟಿಸಿ ಮುಗಿಸಬಹುದು. ಅದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ. ಆದರೂ ಓದಿದವರ ಮುಂದಿನ ಪ್ರಶ್ನೆ, ನಾನು ದುಡ್ಡು ಕೊಟ್ಟು ತಂದ ಸೋನಾ ಮಸೂರಿಯ ಚೀಲಕ್ಕೆ ಪಡಿತರದ ಕಾಳು ಹೇಗೆ ಬಂತು ಎಂಬುದೇ ಆಗಿರುತ್ತದೆ. ಪಡಿತರದ ಅಕ್ಕಿಯನ್ನೇ ಪಾಲಿಶ್ ಮಾಡಿ ಮಾರುತ್ತಿದ್ದಾರೆ ಎಂಬ ಅನುಮಾನ ಮರುದಿನವೇ ಹುಟ್ಟುತ್ತದೆ, ನಮ್ಮ ಭಾಗದಲ್ಲಿ ಅದು ಪ್ಲಾಸ್ಟಿಕ್ಕಿಗಿಂತ ದೊಡ್ಡ ಆರೋಪ. ಇದಲ್ಲದೆ ಸಾರವರ್ಧಿತ ಆಹಾರದ ಪೊಟ್ಟಣದ ಮೇಲೆ ಪ್ಲಸ್ ಎಫ್ ಗುರುತು ಇರಬೇಕು, ನಿಮ್ಮ ಚೀಲದ ಮೇಲೆ ಅದಿಲ್ಲ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇರುವವರು ಕಬ್ಬಿಣಾಂಶದ ವಿಷಯದಲ್ಲಿ ವೈದ್ಯರ ಸೂಚನೆಯಂತೆ ನಡೆಯಬೇಕಾಗುತ್ತದೆ. ಅಂಥವರ ಮನೆಗೆ ಹೇಳದೆ ಕೇಳದೆ ಅದನ್ನು ಕಳಿಸಿದ್ದೀರಿ. ಆದ್ದರಿಂದ ಕಾಳು ಏನೆಂಬ ವಿವರಣೆಗೆ ಎರಡು ವಾಕ್ಯ ಸಾಕು, ಅದು ಚೀಲಕ್ಕೆ ಬಂದದ್ದು ಹೇಗೆ ಎಂಬುದಕ್ಕೆ ಉಳಿದ ಜಾಗ ಮೀಸಲಿರಲಿ.

ಇನ್ನು ಮೊದಲು ಮಾಡಬೇಕಾದ ಕೆಲಸ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಕಲಮು, ತಾನು ತಯಾರಿಸಿದ ಆಹಾರ ನಿಯಮಕ್ಕೆ ಹೊಂದುವುದಿಲ್ಲವೆಂದು ಉದ್ಯಮಿಗೆ ತಿಳಿದುಬಂದ ಕೂಡಲೇ ಅದನ್ನು ಮಾರುಕಟ್ಟೆಯಿಂದಲೂ ಗ್ರಾಹಕರಿಂದಲೂ ಹಿಂಪಡೆಯಲು ಆರಂಭಿಸಬೇಕು, ಹಿಂಪಡೆಯುವ ಕಾರಣವನ್ನು ತಿಳಿಸಬೇಕು, ಅಧಿಕಾರಿಗಳಿಗೂ ಮಾಹಿತಿ ಕೊಡಬೇಕು ಎನ್ನುತ್ತದೆ. ಕಾರಣ ತಿಳಿಸುವುದು ನಿಮ್ಮ ಔದಾರ್ಯವಲ್ಲ, ಕಾನೂನಿನ ಹೊಣೆ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಬರೆದುಕೊಟ್ಟು, ನಿಮ್ಮ ಅಕ್ಕಿ ಇಟ್ಟಿರುವ ಅಂಗಡಿಗಳಿಗೆ ಫೋನ್ ಮಾಡಿ ಆ ಬ್ಯಾಚಿನ ಮಾರಾಟ ನಿಲ್ಲಿಸಿ, ಆಮೇಲೆ ಬ್ಲಾಗಿಗೆ ಕೈಹಾಕಿ. ಅಂಗಡಿಯವರು ನಿಮ್ಮ ತಪ್ಪನ್ನು ಗಿರಾಕಿಯ ಮೊಬೈಲಿನಲ್ಲಿ ಓದುವಂತಾದರೆ ಅವರು ನಿಮ್ಮ ಪರ ಒಂದು ಮಾತನ್ನೂ ಆಡಲಾರರು.

ಬರಹ ಹೀಗಿರಬಹುದು. ಮೇಲೆ ದಿನಾಂಕ ಮತ್ತು ವೇಳೆ, ಕೆಳಗೆ ನಿಮ್ಮ ಸ್ವಂತ ಹೆಸರು.

"ನಮ್ಮ ಸೋನಾ ಮಸೂರಿಯ ಈ ಬ್ಯಾಚಿನ ಚೀಲಗಳಲ್ಲಿ, ಪಡಿತರಕ್ಕಾಗಿ ನಾವು ಬೆರೆಸುವ ಸಾರವರ್ಧಿತ ಕಾಳುಗಳು ಸೇರಿವೆ. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟು, ಕಬ್ಬಿಣಾಂಶ ಮತ್ತು ಜೀವಸತ್ವಗಳಿಂದ ತಯಾರಾದವು. ಆದರೆ ಅವು ಈ ಚೀಲದಲ್ಲಿ ಇರಬಾರದಿತ್ತು. ಯಂತ್ರವನ್ನು ಸ್ವಚ್ಛಗೊಳಿಸದೆ ಮುಂದಿನ ಅಕ್ಕಿ ಬಿಟ್ಟದ್ದು ನಮ್ಮ ತಪ್ಪು. ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಇಂದು ತಿಳಿಸಿದ್ದೇವೆ. ಚೀಲ ಒಡೆದಿದ್ದರೂ ಕೊಂಡ ಅಂಗಡಿಗೆ ಮರಳಿಸಿ, ಪೂರ್ತಿ ಹಣ ಕೊಡುತ್ತೇವೆ. ಇಂಥ ಎಷ್ಟು ಚೀಲ ಮಾರಾಟವಾಗಿವೆ ಎಂಬ ಲೆಕ್ಕ ಇನ್ನೂ ಮುಗಿದಿಲ್ಲ. ಅದನ್ನು ನಾಳೆ ಸಂಜೆ 5 ಗಂಟೆಗೆ ಇಲ್ಲಿಯೇ ತಿಳಿಸುತ್ತೇವೆ."

ಇದರಲ್ಲಿ ಅತಿ ಮುಖ್ಯವಾದದ್ದು ಕೊನೆಯ ವಾಕ್ಯ. ನಾಳೆ 5 ಗಂಟೆಗೆ ಲೆಕ್ಕ ಸಿಗದಿದ್ದರೂ, ಲೆಕ್ಕ ಸಿಕ್ಕಿಲ್ಲವೆಂದು ಬರೆಯುವುದಕ್ಕಾದರೂ ಆ ಹೊತ್ತಿಗೆ ಬರಬೇಕು. ಹೇಳಿದ ಹೊತ್ತಿಗೆ ಬಂದವರ ಮಾತಿಗೆ ಮೂರನೇ ದಿನದಿಂದ ಪತ್ರಕರ್ತರೂ ಕಾಯಲು ತೊಡಗುತ್ತಾರೆ, ವಾಟ್ಸ್‌ಆ್ಯಪ್ ಗುಂಪಿನಿಂದ ಸುದ್ದಿ ಹೆಕ್ಕುವುದನ್ನು ಬಿಡುತ್ತಾರೆ.

ಬ್ಲಾಗಿನ ಬಲವೂ ಇಲ್ಲಿಯೇ ಇದೆ. ವಾಟ್ಸ್‌ಆ್ಯಪ್ ಚಿತ್ರ ವೇಗವಾಗಿ ಹೋಗುತ್ತದೆ, ಆದರೆ ಕೈಬದಲಾದಂತೆ ಅದರ ದಿನಾಂಕವೂ ಮೂಲವೂ ಕಳಚಿಹೋಗುತ್ತವೆ. ಆರು ತಿಂಗಳ ಬಳಿಕ ಅದೇ ವಿಡಿಯೊ ಹೊಸದೆಂಬಂತೆ ಮತ್ತೆ ಹೊರಡುತ್ತದೆ. ಬ್ಲಾಗಿನಲ್ಲಿ ಮೊದಲ ದಿನದ ಮಾತು, ಎರಡನೇ ದಿನದ ತಿದ್ದುಪಡಿ, ಪ್ರಯೋಗಾಲಯದ ವರದಿ, ಮರಳಿ ಬಂದ ಚೀಲಗಳ ಲೆಕ್ಕ ಎಲ್ಲವೂ ತಂತಮ್ಮ ದಿನಾಂಕದೊಂದಿಗೆ ಒಂದೇ ಕಡೆ ಉಳಿಯುತ್ತವೆ. ಆದ್ದರಿಂದ ಮೂಲ ಬರಹ ಬ್ಲಾಗಿನಲ್ಲಿರಲಿ, ವಾಟ್ಸ್‌ಆ್ಯಪ್‌ಗೆ ಅದರ ಸಾರಾಂಶವನ್ನೂ ಕೊಂಡಿಯನ್ನೂ ಕಳಿಸಿ. ಬ್ಲಾಗ್ ಓದದ ಗಿರಾಕಿಗಳೇ ಹೆಚ್ಚು, ಹಾಗಾಗಿ ಕಿರಾಣಿ ಅಂಗಡಿಗಳಲ್ಲಿ ಅಂಟಿಸಲು ಅದನ್ನೇ ಕನ್ನಡ ಮತ್ತು ತೆಲುಗಿನಲ್ಲಿ ಮುದ್ರಿಸಿ. ಮಗನಿಗೆ ಇನ್ನೊಂದು ಮಾತು ಹೇಳಿ: ಮೊದಲೇ ಸಿದ್ಧಪಡಿಸಿ ತಾನಾಗಿ ಪ್ರಕಟವಾಗುವಂತೆ ಇಟ್ಟಿರುವ ಅಡುಗೆ ಬರಹಗಳೇನಾದರೂ ಇದ್ದರೆ ಅವನ್ನು ತಡೆಹಿಡಿಯಲಿ. ಕ್ಷಮೆಯಾಚನೆಯ ಮೇಲೆಯೇ ಚಿತ್ರಾನ್ನ ಬಂದು ಕೂತರೆ ನಗೆಪಾಟಲಾಗುತ್ತದೆ.

ಡೆಲ್ ಕಂಪನಿ 2006ರ ಜುಲೈನಲ್ಲಿ ತನ್ನ ಬ್ಲಾಗ್ ಆರಂಭಿಸಿದ ಸಂದರ್ಭ ನಿಮ್ಮದನ್ನು ಹೋಲುತ್ತದೆ. ಜಪಾನಿನ ಒಸಾಕಾದಲ್ಲಿ ಅದರ ಲ್ಯಾಪ್‌ಟಾಪ್ ಒಂದು ಹೊತ್ತಿ ಉರಿದ ಚಿತ್ರಗಳು ಆಗಷ್ಟೇ ಲೋಕವೆಲ್ಲ ಸುತ್ತಿದ್ದವು. ಕಂಪನಿ ಆ ವಿಷಯವನ್ನು ಮರೆಮಾಚದೆ ಹೊಸ ಬ್ಲಾಗಿನಲ್ಲಿಯೇ ಎತ್ತಿಕೊಂಡು, ತನಿಖೆ ನಡೆದಿದೆ ಎಂದು ಬರೆಯಿತು. ಆಗಸ್ಟ್‌ನಲ್ಲಿ 41 ಲಕ್ಷ ಬ್ಯಾಟರಿಗಳನ್ನು ಹಿಂಪಡೆಯಿತು. ಬರಹವೊಂದೇ ಇದ್ದು ಬ್ಯಾಟರಿ ಹಿಂದಕ್ಕೆ ಬರದಿದ್ದರೆ ಆ ಬ್ಲಾಗನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ.

ನಿಮ್ಮ ಅಣ್ಣನವರಿಗೆ ಮ್ಯಾಗಿಯ ಪ್ರಕರಣವನ್ನು ನೆನಪಿಸಿ. 2015ರ ಮೇ ತಿಂಗಳಲ್ಲಿ ಸೀಸದ ಅಂಶದ ಸುದ್ದಿ ಹಬ್ಬಿದಾಗ, ತನ್ನ ನೂಡಲ್ಸ್ ಸುರಕ್ಷಿತ ಎಂಬುದಷ್ಟೇ ನೆಸ್ಲೆಯ ನಿಲುವಾಗಿತ್ತು. ಜೂನ್ 5ರಂದು ಹಿಂಪಡೆಯುವ ಆದೇಶ ಬಂದ ದಿನ ಸಂಸ್ಥೆಯ ಜಾಗತಿಕ ಮುಖ್ಯಸ್ಥರೇ ದೆಹಲಿಯಲ್ಲಿ ಪತ್ರಕರ್ತರೆದುರು ಕೂರಬೇಕಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು, ಮರುಪರೀಕ್ಷೆಯ ನಂತರ ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ನ್ಯಾಯಾಲಯದಲ್ಲಿ ಗೆದ್ದವರಿಗೇ ಐದು ತಿಂಗಳ ಮಾರುಕಟ್ಟೆ ಹೋಯಿತು, 30,000 ಟನ್ನಿಗೂ ಮಿಕ್ಕಿ ಸರಕು ನಾಶವಾಯಿತು. ನಿಮ್ಮ ಪ್ರಕರಣದಲ್ಲಿ ಗೆಲ್ಲುವುದಕ್ಕೆ ಏನೂ ಇಲ್ಲ, ತಪ್ಪು ಆಗಿದೆ.

ಆಡಳಿತ ನಿರ್ವಹಣೆಯ ತರಗತಿಗಳಲ್ಲಿ ಇಂಥ ಸಂದರ್ಭಕ್ಕೆ 1982ರ ಟೈಲೆನಾಲ್ ಎಂಬ ನೋವುನಿವಾರಕ ಮಾತ್ರೆಯ ಕಥೆಯನ್ನು ಹೇಳುವುದು ವಾಡಿಕೆ. ಶಿಕಾಗೊ ಸುತ್ತ ಏಳು ಜನರು ಸಯನೈಡ್ ಬೆರೆತ ಮಾತ್ರೆ ನುಂಗಿ ಸತ್ತಾಗ ಜಾನ್ಸನ್ ಅಂಡ್ ಜಾನ್ಸನ್ 3 ಕೋಟಿ 10 ಲಕ್ಷ ಬಾಟಲಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದು ದೊಡ್ಡ ನಿರ್ಧಾರವೇ ಸರಿ. ಆದರೆ ವಿಷ ಬೆರೆಸಿದವರು ಹೊರಗಿನವರು, ಕಂಪನಿಯೂ ಅಲ್ಲಿ ನೊಂದ ಪಕ್ಷವೇ ಆಗಿತ್ತು ಎಂಬುದನ್ನು ಹೇಳುವವರು ಕಡಿಮೆ. ತಪ್ಪು ನಮ್ಮದಲ್ಲದಾಗ ಬಾಯಿಬಿಚ್ಚಿ ಮಾತಾಡುವುದು ಅಷ್ಟು ಕಷ್ಟವಲ್ಲ. ನಿಮ್ಮ ಮುಂದಿರುವುದು ಅದಕ್ಕಿಂತ ಕಠಿಣವಾದ ಕೆಲಸ.

ಪ್ರಶ್ನೆ: ಕೊಪ್ಪಳದ ಬಳಿಯ ಒಂದು ಕಬ್ಬಿಣ ಕಾರ್ಖಾನೆಯಲ್ಲಿ ಸಾರ್ವಜನಿಕ ಸಂಪರ್ಕದ ಹೊಣೆ ನನ್ನದು. ಇತ್ತೀಚೆಗೆ ಅವಘಡವೊಂದರಲ್ಲಿ ಗುತ್ತಿಗೆ ಕಾರ್ಮಿಕರು ಗಾಯಗೊಂಡರು. ತನಿಖೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬಾರದು ಎಂಬುದು ಕಾನೂನು ವಿಭಾಗದ ಆದೇಶ. ಗೇಟಿನ ಹೊರಗೆ ಊರಿನವರು ನಿಂತಿದ್ದರು, ನಾನು ಒಳಗೆ ಮೂಕನಾಗಿದ್ದೆ. ಮುಂದೆ ಹೀಗಾದರೆ ನನ್ನ ಕರ್ತವ್ಯವೇನು? (ಕೊಪ್ಪಳ)

ಉತ್ತರ: ನಿಮ್ಮ ಕಾನೂನು ವಿಭಾಗದವರು ಎರಡು ಬೇರೆ ಸಂಗತಿಗಳನ್ನು ಒಂದಾಗಿ ಕಂಡಿದ್ದಾರೆ. ಅವಘಡದ ಕಾರಣ ಒಂದು, ಅವಘಡ ನಡೆದದ್ದು ಇನ್ನೊಂದು. ಕಾರಣದ ಬಗ್ಗೆ ತನಿಖೆಗೆ ಮುನ್ನ ಮಾತಾಡಬಾರದು ಎಂಬುದನ್ನು ಒಪ್ಪುತ್ತೇನೆ. ಆಗ ಊಹಿಸಿ ಹೇಳಿದ್ದು ಆಮೇಲೆ ಸುಳ್ಳಾಗುವುದೇ ಹೆಚ್ಚು. ಆದರೆ ಎಷ್ಟು ಗಂಟೆಗೆ, ಯಾವ ವಿಭಾಗದಲ್ಲಿ ನಡೆಯಿತು, ಎಷ್ಟು ಜನರನ್ನು ಯಾವ ಆಸ್ಪತ್ರೆಗೆ ಸೇರಿಸಲಾಗಿದೆ, ಯಾವ ಘಟಕವನ್ನು ನಿಲ್ಲಿಸಲಾಗಿದೆ, ಹೊರಗಿನ ಊರಿಗೆ ಹೊಗೆಯಿಂದಲೋ ಅನಿಲದಿಂದಲೋ ಅಪಾಯವಿದೆಯೇ, ಯಾವ ಇಲಾಖೆಗಳಿಗೆ ತಿಳಿಸಿದ್ದೀರಿ ಎಂಬಷ್ಟನ್ನು ಹೇಳುವುದರಿಂದ ಯಾವ ನ್ಯಾಯಾಲಯದಲ್ಲಿಯೂ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ. ಈ ಆರು ವಿಷಯಗಳ ಖಾಲಿ ನಮೂನೆಯನ್ನು ವಕೀಲರ ಒಪ್ಪಿಗೆಯೊಂದಿಗೆ ಈಗಲೇ ಸಿದ್ಧಮಾಡಿಟ್ಟುಕೊಳ್ಳಿ. ಅವಘಡದ ರಾತ್ರಿ ಸಹಿಗಾಗಿ ಮುಂಬೈಗೆ ಫೋನ್ ಹಚ್ಚಿ ಕೂರುವ ಪಾಡು ತಪ್ಪುತ್ತದೆ.

ಮುಂಬೈ ಎಂದಾಗ ನೆನಪಾಯಿತು. ನಿಮ್ಮ ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದರೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 30ನೇ ನಿಯಮದಂತೆ ಮಹತ್ವದ ಘಟನೆಗಳನ್ನು ಸಂದರ್ಭಾನುಸಾರ 12 ಅಥವಾ 24 ಗಂಟೆಗಳೊಳಗೆ ಷೇರುಪೇಟೆಗೆ ತಿಳಿಸಲೇಬೇಕು. ಹಾಗೆ ತಿಳಿಸಿದ್ದು ಅದೇ ದಿನ ಬಹಿರಂಗವಾಗುತ್ತದೆ. ಹೂಡಿಕೆದಾರನಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಗೇಟಿನ ಹೊರಗೆ ನಿಂತ ಊರಿನವನಿಗೆ ಕನ್ನಡದಲ್ಲಿ ಹೇಳಲು ಯಾವ ಕಾನೂನು ಅಡ್ಡ ಬರುತ್ತದೆ ಎಂದು ನಿಮ್ಮವರನ್ನು ಕೇಳಿ ನೋಡಿ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿದಾಗ, ಅದು ಯಾವ ಅನಿಲ, ಯಾವ ಕಡೆಗೆ ಓಡಬೇಕು, ಕಣ್ಣಿಗೂ ಮುಖಕ್ಕೂ ಏನು ಮಾಡಿಕೊಳ್ಳಬೇಕು ಎಂಬುದು ಕಾರ್ಖಾನೆಯ ಗೋಡೆಗೆ ಅಂಟಿಕೊಂಡು ಬದುಕಿದ್ದವರಿಗೂ ತಿಳಿದಿರಲಿಲ್ಲ. ಆ ದುರಂತದ ಬಳಿಕವೇ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41-ಬಿ ಕಲಮು ಸೇರಿತು. ಅಪಾಯಕಾರಿ ಕಾರ್ಖಾನೆಯವರು ಅಪಾಯದ ವಿವರವನ್ನು ಕಾರ್ಮಿಕರಿಗೆ ಮಾತ್ರವಲ್ಲ, ಸ್ಥಳೀಯ ಆಡಳಿತಕ್ಕೂ ನೆರೆಹೊರೆಯ ಜನರಿಗೂ ಮುಂಚಿತವಾಗಿ ತಿಳಿಸಬೇಕೆಂಬ ಹೊಣೆಯನ್ನು ಅದು ಹೊರಿಸಿತು. ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ನಿಮ್ಮ ಸೈರನ್ನಿನ ಅರ್ಥ ಬಲ್ಲವರು ಎಷ್ಟು ಮಂದಿ ಇದ್ದಾರೆ ಎಂದು ವಿಚಾರಿಸಿದರೆ ನಿಮ್ಮ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದು ತಿಳಿಯುತ್ತದೆ.

ಎರಡು ನಿಯಮಗಳನ್ನು ಮಾತ್ರ ಯಾವ ಒತ್ತಡಕ್ಕೂ ಸಡಿಲಿಸಬೇಡಿ. ಗಾಯಗೊಂಡವರ ಅಥವಾ ಮೃತರ ಹೆಸರನ್ನು ಅವರ ಮನೆಯವರಿಗೆ ತಿಳಿಸುವ ಮೊದಲು ಹೊರಗೆ ಬಿಡಕೂಡದು. ಒಡಿಶಾ, ಬಿಹಾರ, ಜಾರ್ಖಂಡಿನ ಕಾರ್ಮಿಕರಾದರೆ ಅವರ ಭಾಷೆ ಬಲ್ಲವರಿಂದಲೇ ಮನೆಗೆ ಫೋನ್ ಹೋಗಬೇಕು. ಎರಡನೆಯದು, ಅವರು ನಮ್ಮ ನೌಕರರಲ್ಲ, ಗುತ್ತಿಗೆದಾರನ ಕಡೆಯವರು ಎಂಬ ಮಾತು ನಿಮ್ಮ ಯಾವ ಪ್ರಕಟಣೆಯಲ್ಲಿಯೂ ಇಣುಕಬಾರದು. ನಿಮ್ಮ ಗೇಟಿನೊಳಗೆ ನಿಮ್ಮ ಕುಲುಮೆಯ ಮುಂದೆ ಸುಟ್ಟುಕೊಂಡವರು ಅವರು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲಬಾವಿಯ ಸ್ಫೋಟದಲ್ಲಿ 11 ಕಾರ್ಮಿಕರು ಸತ್ತ ಕೆಲವೇ ವಾರಗಳಲ್ಲಿ, ಬಿಪಿ ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್ ತನಗೆ ತನ್ನ ಹಿಂದಿನ ಬದುಕು ಮರಳಿ ಬೇಕೆನಿಸಿದೆ ಎಂದು ಪತ್ರಕರ್ತರ ಮುಂದೆ ಅಂದುಬಿಟ್ಟರು. ಕಂಪನಿ ಖರ್ಚು ಮಾಡಿ ಹೊರಡಿಸಿದ ಅಷ್ಟೂ ಜಾಹೀರಾತುಗಳಿಗಿಂತ ಆ ಒಂದು ಮಾತು ಜನರ ನೆನಪಿನಲ್ಲಿ ಉಳಿಯಿತು. ಆ ವರ್ಷ ಮುಗಿಯುವ ಮುನ್ನವೇ ಅವರು ಹುದ್ದೆ ಬಿಟ್ಟರು.

ಪ್ರಶ್ನೆ: ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೊಲಿಗೆ ಘಟಕ. ನಾಲೆಯಲ್ಲಿ ಹರಿಯುವ ನೀಲಿ ನೀರಿನ ಚಿತ್ರದ ಜೊತೆಗೆ ನಮ್ಮ ಬ್ರಾಂಡಿನ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆದಿದ್ದಾರೆ. ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದು ಉತ್ತರ ಬರೆದುಕೊಟ್ಟಿದೆ. ಅದನ್ನೇ ಹಾಕಬಹುದೇ? (ಬಳ್ಳಾರಿ)

ಉತ್ತರ: ನೀವು ಕಳಿಸಿದ ಕರಡನ್ನು ಓದಿದೆ. ಪರಿಸರ ಸಂರಕ್ಷಣೆಗೆ ಸದಾ ಬದ್ಧರಾಗಿದ್ದೇವೆ, ಅತ್ಯುನ್ನತ ಮಾನದಂಡಗಳನ್ನು ಪಾಲಿಸುತ್ತೇವೆ ಎಂದೆಲ್ಲ ಅದರಲ್ಲಿದೆ. ಬಳ್ಳಾರಿಯ ಹೆಸರು ತೆಗೆದು ತಿರುಪ್ಪೂರಿನ ಹೆಸರು ಹಾಕಿದರೂ ಅದು ಹಾಗೆಯೇ ಹೊಂದುತ್ತದೆ. ಅದನ್ನು ಹಾಕಬೇಡಿ.

ನೀವು ಬಟ್ಟೆ ಹೊಲಿಯುವವರು, ವಾಷಿಂಗ್ ಬೇರೆಯವರಲ್ಲಿ ಮಾಡಿಸುತ್ತೀರಿ. ಹಾಗಾದರೆ ಯಾವ ವಾಷಿಂಗ್ ಘಟಕಕ್ಕೆ ಕೊಡುತ್ತೀರಿ, ಆ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಯಾವ ದಿನಾಂಕದವರೆಗೆ ಇದೆ, ಬಣ್ಣದ ನೀರನ್ನು ಅಲ್ಲಿ ಹೇಗೆ ಶುದ್ಧೀಕರಿಸುತ್ತಾರೆ ಎಂಬುದನ್ನು ನೀವೇ ಹೋಗಿ ನೋಡಿ ಬಂದು, ನಿಮ್ಮ ಹೆಸರಿನಲ್ಲಿ, ನೀವು ಮಾತಾಡುವ ಕನ್ನಡಕ್ಕೆ ಹತ್ತಿರವಾದ ಭಾಷೆಯಲ್ಲಿ ಬರೆಯಿರಿ. ಸಮ್ಮತಿ ಇಲ್ಲದ ಘಟಕವಾಗಿದ್ದರೆ ನಿರಾಕರಣೆಯ ಒಂದು ಸಾಲನ್ನೂ ಬರೆಯಬೇಡಿ. ಮೊದಲು ಕೆಲಸವನ್ನು ಬೇರೆ ಕಡೆಗೆ ಬದಲಿಸಿ, ಬದಲಿಸಿದ್ದೇನೆಂದು ಬರೆಯಿರಿ.

ಉತ್ತರವು ಆರೋಪ ಬಂದ ಕಡೆಗೇ ಹೋಗಬೇಕು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಡೊಮಿನೊಸ್ ಅಂಗಡಿಯೊಂದರ ಇಬ್ಬರು ನೌಕರರು ಆಹಾರವನ್ನು ಹೊಲಸು ಮಾಡುವ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿದಾಗ, ಕಂಪನಿಯ ಅಮೆರಿಕ ವಿಭಾಗದ ಅಧ್ಯಕ್ಷ ಪ್ಯಾಟ್ರಿಕ್ ಡಾಯ್ಲ್ ಅದೇ ಯೂಟ್ಯೂಬ್‌ನಲ್ಲಿ ತಾವೇ ಬಂದು ಕ್ಷಮೆ ಕೇಳಿದರು. ಅವರು ಕಾಗದ ನೋಡಿ ಓದುವಂತೆ ಮಾತಾಡಿದರು, ತಡವಾಗಿಯೂ ಬಂದರು ಎಂಬ ಟೀಕೆಗಳು ಇವೆ. ಅದು ನಿಜವಿದ್ದರೂ, ಜಾಹೀರಾತು ಸಂಸ್ಥೆಯ ನಯವಾದ ಮಾತಿಗಿಂತ ತಡವರಿಸುವ ಮಾಲೀಕನ ಮಾತೇ ಮೇಲು ಎಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ನಮ್ಮ ಸೌಹಾರ್ದ ಸಹಕಾರಿಯಲ್ಲಿ ಹಣ ಮುಳುಗಿದೆ ಎಂಬ ವದಂತಿ ಎದ್ದು ಠೇವಣಿದಾರರು ಸಾಲುಗಟ್ಟಿದ್ದಾರೆ. ಗಾಬರಿ ಬೇಡ, ಠೇವಣಿಗೆ 5 ಲಕ್ಷ ರೂಪಾಯಿ ವಿಮೆ ಇದೆ ಎಂದು ಬ್ಯಾನರ್ ಕಟ್ಟಿಸಬಹುದೇ? (ನಿರ್ದೇಶಕರು, ಗಂಗಾವತಿ)

ಉತ್ತರ: ಖಂಡಿತ ಕೂಡದು. 2020ರ ಫೆಬ್ರುವರಿಯಿಂದ 5 ಲಕ್ಷಕ್ಕೆ ಏರಿದ ಆ ವಿಮೆ ಬ್ಯಾಂಕುಗಳಿಗೆ, ಸಹಕಾರ ಬ್ಯಾಂಕುಗಳಿಗೂ ಸೇರಿದಂತೆ, ಅನ್ವಯಿಸುತ್ತದೆ. ಪತ್ತಿನ ಸೌಹಾರ್ದ ಸಹಕಾರಿಗಳು ಅದರಡಿ ಬರುವುದಿಲ್ಲ. ವದಂತಿ ಸುಳ್ಳಾಗಿದ್ದರೂ ನಿಮ್ಮ ಬ್ಯಾನರ್ ಸುಳ್ಳಾಗುತ್ತದೆ, ಸಾಲಿನಲ್ಲಿ ನಿಂತವರಲ್ಲಿ ಒಬ್ಬರಿಗೆ ಅದು ಗೊತ್ತಾದರೂ ಸಾಕು, ಸಾಲು ಇಮ್ಮಡಿಯಾಗುತ್ತದೆ. ಗಾಬರಿ ಬೇಡ ಎನ್ನುವುದೂ ಬೇಡ. ಅದನ್ನು ಓದಿಯೇ ಗಾಬರಿಯಾಗುವವರುಂಟು. ಒಟ್ಟು ಠೇವಣಿ, ಕೊಟ್ಟಿರುವ ಸಾಲ, ಕೈಯಲ್ಲಿಯೂ ಬ್ಯಾಂಕಿನಲ್ಲಿಯೂ ಇರುವ ನಗದು, ಕಳೆದ ಲೆಕ್ಕಪರಿಶೋಧನೆಯ ದಿನಾಂಕ, ಇಂದು ಎಷ್ಟು ಜನರಿಗೆ ಎಷ್ಟು ಮರಳಿಸಿದ್ದೀರಿ ಎಂಬ ಐದು ಅಂಕಿಗಳನ್ನು ಪ್ರತಿದಿನ ಸಂಜೆ ಅಧ್ಯಕ್ಷರ ಸಹಿಯೊಂದಿಗೆ ಕಚೇರಿಯ ಬಾಗಿಲಿಗೂ ಜಾಲತಾಣಕ್ಕೂ ಹಾಕಿ, ಕೌಂಟರನ್ನು ಇನ್ನೆರಡು ಗಂಟೆ ಹೆಚ್ಚು ತೆರೆದಿಡಿ. ಈ ಅಂಕಿಗಳನ್ನು ಹಾಕಲು ನಿರ್ದೇಶಕ ಮಂಡಳಿ ಹಿಂಜರಿದರೆ ವದಂತಿಯಲ್ಲಿ ಸತ್ಯವೆಷ್ಟು ಎಂಬುದನ್ನು ನಿರ್ದೇಶಕರಾದ ನೀವು ಮೊದಲು ಕಂಡುಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಸಂಕಷ್ಟವೆಲ್ಲ ತಣ್ಣಗಾದ ಮೇಲೆ, ಆ ಹೊತ್ತಿನಲ್ಲಿ ಹಾಕಿದ್ದ ಕ್ಷಮೆಯಾಚನೆಯ ಬರಹವನ್ನು ಸಂಸ್ಥೆಯ ಜಾಲತಾಣದಿಂದ ತೆಗೆಯಬಹುದೇ? ಹೊಸ ಗಿರಾಕಿಗಳು ಅದನ್ನೇ ಮೊದಲು ನೋಡುತ್ತಾರೆ. (ಲಿಂಗಸುಗೂರು)

ಉತ್ತರ: ಮುಖಪುಟದಿಂದ ಕೆಳಗಿಳಿಸಬಹುದು, ಅಳಿಸಬಾರದು. ಅಳಿಸಿದ ಪುಟದ ಸ್ಕ್ರೀನ್‌ಶಾಟ್ ಯಾರದೋ ಮೊಬೈಲಿನಲ್ಲಿ ಇದ್ದೇ ಇರುತ್ತದೆ, ಆಗ ಎರಡನೇ ಸಂಕಷ್ಟ ಆರಂಭವಾಗುತ್ತದೆ. ಬರಹದಲ್ಲಿ ತಪ್ಪು ಅಂಕಿ ಇದ್ದರೂ ಅದನ್ನು ಕಾಣುವಂತೆ ಹೊಡೆದುಹಾಕಿ, ಸರಿಯಾದುದನ್ನು ದಿನಾಂಕದೊಡನೆ ಪಕ್ಕದಲ್ಲಿ ಬರೆಯಿರಿ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿನಿ. ಸಂಕಷ್ಟ ಕಾಲದ ಸಂವಹನದ ಬಗ್ಗೆ ಕಿರುಪ್ರಬಂಧ ಬರೆಯಬೇಕು. ಪುಸ್ತಕದಲ್ಲಿರುವುದೆಲ್ಲ ಅಮೆರಿಕದ ಕಂಪನಿಗಳು. ನಮ್ಮ ಕಡೆಯ ಉದಾಹರಣೆ ಸೂಚಿಸುವಿರಾ? (ಬಳ್ಳಾರಿ)

ಉತ್ತರ: ಕಂಪನಿಯೇ ಆಗಬೇಕೆಂಬ ಹಟವಿಲ್ಲದಿದ್ದರೆ ತುಂಗಭದ್ರಾ ಅಣೆಕಟ್ಟೆಯನ್ನು ತೆಗೆದುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟುಗಳನ್ನು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಸೋರಿಕೆಯನ್ನು ತಡೆದರು. ಆ ಒಂದು ವಾರದ ಪ್ರತಿದಿನದ ಅಧಿಕೃತ ಪ್ರಕಟಣೆ, ಒಳಹರಿವು ಮತ್ತು ಹೊರಹರಿವಿನ ಅಂಕಿ, ಸಚಿವರ ಹಾಗೂ ಎಂಜಿನಿಯರುಗಳ ಹೇಳಿಕೆಗಳನ್ನು ದಿನ ಮತ್ತು ವೇಳೆಯ ಪ್ರಕಾರ ಜೋಡಿಸಿ. ಅದರ ಪಕ್ಕದಲ್ಲಿ ಅದೇ ದಿನಗಳ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಸಿಕ್ಕಷ್ಟನ್ನು ಜೋಡಿಸಿ. ನದಿಯಂಚಿನ ಊರುಗಳಿಗೆ ಬೇಕಾಗಿದ್ದದ್ದು ಮನೆ ಬಿಡಬೇಕೇ ಬೇಡವೇ ಎಂಬ ಉತ್ತರ, ಕಾಲುವೆಯ ಕೊನೆಯ ಭಾಗದ ರೈತರಿಗೆ ಬೇಕಾಗಿದ್ದದ್ದು ಬೆಳೆಗೆ ನೀರು ಉಳಿಯುತ್ತದೆಯೇ ಎಂಬ ಉತ್ತರ. ಈ ಎರಡೂ ಉತ್ತರಗಳು ಯಾವ ದಿನ, ಯಾರ ಬಾಯಿಂದ, ಎಷ್ಟು ಸ್ಪಷ್ಟವಾಗಿ ಬಂದವು ಎಂಬುದನ್ನು ಪತ್ತೆಮಾಡುವುದೇ ನಿಮ್ಮ ಪ್ರಬಂಧದ ತಿರುಳಾಗಲಿ. ಅಧಿಕಾರಿಗಳ ಸಂದರ್ಶನವನ್ನು ಕೊನೆಗೆ ಇಟ್ಟುಕೊಂಡು, ಮೊದಲು ಕಂಪ್ಲಿಯ ಹೊಳೆದಂಡೆಯವರನ್ನೂ ಮಾನ್ವಿ ಮತ್ತು ಸಿರವಾರ ಕಡೆಯ ರೈತರನ್ನೂ ಮಾತಾಡಿಸಿ. ಆ ವಾರ ಅವರು ಯಾರ ಮಾತನ್ನು ನಂಬಿದರು, ಏಕೆ ನಂಬಿದರು ಎಂದು ಕೇಳಿ ಬರೆದುಕೊಂಡ ಮೇಲೆ, ಅಧಿಕಾರಿಗಳಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ತಯಾರಿಸಿಕೊಳ್ಳಿ.